ಲೆಕ್ಕಕ್ಕುಂಟು, ಗಮನಕ್ಕಿಲ್ಲ: ಕೆನಡಾದ ಮೂಲನಿವಾಸಿ ಗಂಡಸರ ಸಾವುಗಳು

ಕೆನಡಾದಲ್ಲಿ ಈಚಿನ ವರ್ಷಗಳಲ್ಲಿ ಕೊಲೆಯಾದವರ ಪೈಕಿ ಸುಮಾರು ನಾಲ್ಕನೇ ಒಂದು ಭಾಗ ಮೂಲನಿವಾಸಿಗಳು. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 5 ಮಾತ್ರ. ಫಸ್ಟ್ ನೇಷನ್ಸ್, ಇನ್ಯುಟ್ ಮತ್ತು ಮೆಟಿ ಎಂಬ ಮೂರು ದೊಡ್ಡ ಗುಂಪುಗಳಲ್ಲಿ ಗುರುತಿಸಲಾಗುವ ಈ ಜನರ ಸಂಖ್ಯೆ 2021ರ ಜನಗಣತಿಯ ಪ್ರಕಾರ ಸುಮಾರು 18 ಲಕ್ಷ. ಹೀಗೆ ಕೊಲೆಯಾಗುವ ಮೂಲನಿವಾಸಿಗಳಲ್ಲಿ ಬಹುಪಾಲು ಗಂಡಸರು ಮತ್ತು ಹುಡುಗರು. ಸರ್ಕಾರಿ ಅಂಕಿಅಂಶಗಳಲ್ಲಿ ಇದು ವರ್ಷವರ್ಷವೂ ದಾಖಲಾಗುತ್ತದೆ. ಆದರೂ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ, ಬೀದಿ ಮೆರವಣಿಗೆಗಳಲ್ಲಿ ಇದರ ಪ್ರಸ್ತಾಪವಾಗುವುದು ಅಪರೂಪ.

ಕೊಲೆಯಾದವರು ಮೂಲನಿವಾಸಿಗಳೇ ಎಂಬ ಪೂರ್ಣ ಮಾಹಿತಿ ಕೆನಡಾದ ಅಂಕಿಅಂಶ ಇಲಾಖೆಗೆ ಸಿಕ್ಕಿದ್ದು 2014ರ ಪ್ರಕರಣಗಳಿಂದ. ಅಲ್ಲಿಯವರೆಗೆ ಅನೇಕ ಪೊಲೀಸ್ ಪಡೆಗಳು ಆ ವಿವರವನ್ನು ಕೊಡುತ್ತಲೇ ಇರಲಿಲ್ಲ. ಆ ವರ್ಷ ಪ್ರತಿ ಒಂದು ಲಕ್ಷ ಮೂಲನಿವಾಸಿ ಗಂಡಸರಲ್ಲಿ ಕೊಲೆಯಾದವರು 10.86. ಮೂಲನಿವಾಸಿಗಳಲ್ಲದ ಗಂಡಸರಲ್ಲಿ ಈ ಪ್ರಮಾಣ 1.61. ಅಂದರೆ ಸುಮಾರು ಏಳು ಪಟ್ಟು ವ್ಯತ್ಯಾಸ. ಮೂಲನಿವಾಸಿ ಹೆಂಗಸರಲ್ಲಿ ಅದು 3.64 ಇತ್ತು. ಇದು ಇತರ ಹೆಂಗಸರ ಪ್ರಮಾಣದ ಸುಮಾರು ಆರು ಪಟ್ಟು, ಆದರೆ ತಮ್ಮದೇ ಸಮುದಾಯದ ಗಂಡಸರ ಪ್ರಮಾಣದ ಮೂರನೇ ಒಂದು ಭಾಗ. ಯಾವ ಕಡೆಯಿಂದ ನೋಡಿದರೂ ಮೂಲನಿವಾಸಿಯಾಗಿ ಹುಟ್ಟುವುದೇ ಅಪಾಯ. ಗಂಡಾಗಿ ಹುಟ್ಟಿದರೆ ಆ ಅಪಾಯ ಇನ್ನೂ ಹೆಚ್ಚು.

ಗಮನ ತಪ್ಪಿದ್ದು ಹೇಗೆ

ಮೂಲನಿವಾಸಿ ಹೆಂಗಸರ ಕೊಲೆ ಮತ್ತು ನಾಪತ್ತೆ ಪ್ರಕರಣಗಳು ದೇಶದ ಗಮನಕ್ಕೆ ಬಂದದ್ದು ತಾಯಂದಿರು, ಅಕ್ಕತಂಗಿಯರು ದಶಕಗಳ ಕಾಲ ನಡೆಸಿದ ಹೋರಾಟದಿಂದ. 2014ರಲ್ಲಿ ಕೆನಡಾದ ರಾಷ್ಟ್ರೀಯ ಪೊಲೀಸ್ ಪಡೆಯಾದ ಆರ್‌ಸಿಎಂಪಿ, 1980ರಿಂದ 2012ರವರೆಗಿನ 1,181 ಪ್ರಕರಣಗಳ ಲೆಕ್ಕವನ್ನು ಬಹಿರಂಗಪಡಿಸಿತು. ಇದರಲ್ಲಿ 1,017 ಕೊಲೆಗಳು, 164 ನಾಪತ್ತೆ ಪ್ರಕರಣಗಳು. 2016ರಲ್ಲಿ ರಾಷ್ಟ್ರೀಯ ವಿಚಾರಣಾ ಆಯೋಗ ಕೆಲಸ ಆರಂಭಿಸಿತು. ಮರಿಯನ್ ಬುಲರ್ ಅದರ ಮುಖ್ಯಸ್ಥೆ. 2019ರ ಜೂನ್ 3ರಂದು ಸಲ್ಲಿಕೆಯಾದ ಅಂತಿಮ ವರದಿಯಲ್ಲಿ ನ್ಯಾಯಕ್ಕಾಗಿ 231 ಕರೆಗಳಿದ್ದವು.

ಈ ಆಯೋಗದ ವ್ಯಾಪ್ತಿ ಹೆಂಗಸರು, ಹುಡುಗಿಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಸೀಮಿತವಾಗಿತ್ತು. ಮಗನನ್ನೋ ತಮ್ಮನನ್ನೋ ಕಳೆದುಕೊಂಡ ಕೆಲವು ಕುಟುಂಬಗಳು ಗಂಡಸರನ್ನೂ ಸೇರಿಸಬೇಕೆಂದು ಕೇಳಿದವು. ಇದಕ್ಕೆ ಆಕ್ಷೇಪವೂ ಬಂತು. ಬಹಳ ಕಷ್ಟಪಟ್ಟು ಪಡೆದ ವಿಚಾರಣೆಯ ಗುರಿ ಮಸುಕಾಗುತ್ತದೆ, ಹೆಂಗಸರ ಮೇಲಿನ ಲೈಂಗಿಕ ಹಿಂಸೆಯ ವಿಶೇಷ ಸ್ವರೂಪ ಮರೆಯಾಗುತ್ತದೆ ಎಂಬ ಆತಂಕ ಅದರ ಹಿಂದಿತ್ತು. ಆ ಆತಂಕಕ್ಕೆ ಆಧಾರವಿತ್ತು. ಗಂಡಸರ ಸಾವಿನ ಅಂಕಿಗಳನ್ನು ಹೆಂಗಸರ ಹೋರಾಟಕ್ಕೆ ಎದುರುತ್ತರವಾಗಿ ಬಳಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಆದರೆ ಎರಡನ್ನೂ ಒಟ್ಟಿಗೆ ನೋಡಿದ ಹಳೆಯ ಉದಾಹರಣೆಯೂ ಕೆನಡಾದಲ್ಲಿದೆ. 1988ರಲ್ಲಿ ಮ್ಯಾನಿಟೋಬಾ ಪ್ರಾಂತ್ಯ ನೇಮಿಸಿದ ನ್ಯಾಯ ವಿಚಾರಣಾ ಆಯೋಗದ ಮುಂದೆ ಎರಡು ಸಾವುಗಳಿದ್ದವು. ಒಂದು, 1971ರಲ್ಲಿ ಕೊಲೆಯಾದ ಕ್ರೀ ಜನಾಂಗದ ವಿದ್ಯಾರ್ಥಿನಿ ಹೆಲೆನ್ ಬೆಟ್ಟಿ ಆಸ್ಬೋರ್ನ್ ಅವರದು. ಆ ಪ್ರಕರಣ ನ್ಯಾಯಾಲಯ ಮುಟ್ಟಲು 16 ವರ್ಷ ಹಿಡಿಯಿತು. ಇನ್ನೊಂದು, 1988ರ ಮಾರ್ಚ್ 9ರಂದು ವಿನ್ನಿಪೆಗ್‌ನ ಬೀದಿಯಲ್ಲಿ ಪೊಲೀಸನ ಗುಂಡಿಗೆ ಬಲಿಯಾದ ಮೂಲನಿವಾಸಿ ಮುಖಂಡ ಜೆ.ಜೆ. ಹಾರ್ಪರ್ ಅವರದು. ಕಾರು ಕಳ್ಳನನ್ನು ಹುಡುಕುತ್ತಿದ್ದ ಪೊಲೀಸ್ ಅವರನ್ನು ತಡೆದಿದ್ದ. ನ್ಯಾಯಾಧೀಶರಾದ ಎ.ಸಿ. ಹ್ಯಾಮಿಲ್ಟನ್ ಮತ್ತು ಮರ್ರೆ ಸಿಂಕ್ಲೇರ್ 1991ರಲ್ಲಿ ಕೊಟ್ಟ ವರದಿ, ಎರಡೂ ಪ್ರಕರಣಗಳಲ್ಲಿ ಜನಾಂಗ ತಾರತಮ್ಯದ ಪಾತ್ರವನ್ನು ಗುರುತಿಸಿತು. ಹೆಣ್ಣಿನ ಸಾವಿಗೆ ತೋರಿದ ನಿರ್ಲಕ್ಷ್ಯವೂ ಗಂಡಿನ ಮೇಲೆ ಹಾರಿದ ಗುಂಡೂ ಒಂದೇ ಬೇರಿನವು ಎಂಬುದು ಆ ವಿಚಾರಣೆಯ ರಚನೆಯಲ್ಲೇ ಅಡಗಿತ್ತು.

ವಸತಿ ಶಾಲೆಗಳ ಹುಡುಗರು

ಆ ಬೇರು ಹುಡುಕಿದರೆ ಮೊದಲು ಸಿಗುವುದು ವಸತಿ ಶಾಲೆಗಳು. ಸರ್ಕಾರದ ಹಣದಲ್ಲಿ, ಕ್ರೈಸ್ತ ಚರ್ಚುಗಳ ಆಡಳಿತದಲ್ಲಿ ನಡೆದ ಈ ಶಾಲೆಗಳು 1880ರ ದಶಕದಿಂದ 1990ರ ದಶಕದ ಕೊನೆಯವರೆಗೂ ಇದ್ದವು. ಸುಮಾರು 1,50,000 ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಅಲ್ಲಿ ಇರಿಸಲಾಯಿತು. ತಾಯಿನುಡಿ ಆಡಿದರೆ ಪೆಟ್ಟು ಬೀಳುತ್ತಿತ್ತು. ಅನೇಕ ಸಮುದಾಯಗಳಲ್ಲಿ ಉದ್ದ ಜಡೆ ಗಂಡಸಿನ ಘನತೆಯ ಗುರುತು. ಹುಡುಗರು ಶಾಲೆಗೆ ಕಾಲಿಟ್ಟ ದಿನವೇ ಅದನ್ನು ಕತ್ತರಿಸುತ್ತಿದ್ದರು. ದಿನದ ಅರ್ಧ ಪಾಠ, ಉಳಿದರ್ಧ ಹೊಲ, ಕೊಟ್ಟಿಗೆಗಳಲ್ಲಿ ದುಡಿಮೆ.

ದೈಹಿಕ ಮತ್ತು ಲೈಂಗಿಕ ಹಿಂಸೆ ಹುಡುಗಿಯರಷ್ಟೇ ಹುಡುಗರ ಮೇಲೂ ನಡೆಯಿತು. ವ್ಯಾಂಕೂವರ್ ದ್ವೀಪದ ಆಲ್ಬರ್ನಿ ಶಾಲೆಯ ಮೇಲ್ವಿಚಾರಕನೊಬ್ಬ ಅನೇಕ ಹುಡುಗರ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯಕ್ಕೆ 1995ರಲ್ಲಿ 11 ವರ್ಷ ಶಿಕ್ಷೆಗೊಳಗಾದ. ಆಗ ಬಲಿಪಶುಗಳು ನಡುವಯಸ್ಸಿನವರಾಗಿದ್ದರು. ಗಂಡಸರು ಇಂಥದನ್ನು ಹೇಳಿಕೊಳ್ಳುವುದು ಯಾವ ಸಮಾಜದಲ್ಲೂ ಕಷ್ಟ. ನಂಬದ ಸಮಾಜದ ಮುಂದೆ ಹೇಳುವುದು ಇನ್ನೂ ಕಷ್ಟ.

ಶಾಲೆ ಬಿಟ್ಟು ಓಡಿದ ಹುಡುಗರಲ್ಲಿ ಎಷ್ಟೋ ಜನ ದಾರಿಯಲ್ಲೇ ಸತ್ತರು. ಕೆನೋರಾದ ಶಾಲೆಯಿಂದ ತಪ್ಪಿಸಿಕೊಂಡ 12 ವರ್ಷದ ಚಾನೀ ವೆನ್‌ಜ್ಯಾಕ್, ಸುಮಾರು 600 ಕಿಲೋಮೀಟರ್ ದೂರದ ತನ್ನ ಊರಿಗೆ ರೈಲುಹಳಿ ಹಿಡಿದು ನಡೆದ. 1966ರ ಅಕ್ಟೋಬರ್‌ನಲ್ಲಿ ಹಸಿವು, ಚಳಿಗಳಿಂದ ಹಳಿಯ ಪಕ್ಕದಲ್ಲೇ ತೀರಿಕೊಂಡ. 2008ರ ಜೂನ್ 11ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಮರ್ರೆ ಸಿಂಕ್ಲೇರ್ ನೇತೃತ್ವದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ ಈ ಇಡೀ ವ್ಯವಸ್ಥೆಯನ್ನು ಸಾಂಸ್ಕೃತಿಕ ನರಮೇಧ ಎಂದು ಕರೆದು 94 ಶಿಫಾರಸುಗಳನ್ನು ಮುಂದಿಟ್ಟಿತು.

ತಂದೆತಾಯಿಗಳ ಮಡಿಲಿಲ್ಲದೆ ಬೆಳೆದ ಹುಡುಗನಿಗೆ, ತಾನು ತಂದೆಯಾದಾಗ ಮಗನನ್ನು ಸಾಕುವ ಮಾದರಿ ಎದುರಿಗಿರಲಿಲ್ಲ. ಕಂಡಿದ್ದು ಬೆತ್ತ, ಕಲಿತಿದ್ದು ಮೌನ. ಇದರ ಜೊತೆಗೆ ಬೇಟೆ, ಮೀನುಗಾರಿಕೆಗಳ ಮೂಲಕ ಮನೆ ಹೊರೆಯುವ ಗಂಡಸಿನ ಪಾತ್ರವೂ ಕುಸಿಯಿತು. ಉತ್ತರ ಕ್ವಿಬೆಕ್‌ನ ನುನಾವಿಕ್ ಪ್ರದೇಶದಲ್ಲಿ 1950 ಮತ್ತು 60ರ ದಶಕಗಳಲ್ಲಿ ಇನ್ಯುಟ್ ಜನರ ಗಾಡಿನಾಯಿಗಳನ್ನು ಪೊಲೀಸರು, ಅಧಿಕಾರಿಗಳು ಗುಂಡಿಟ್ಟು ಕೊಂದದ್ದು ಇದಕ್ಕೊಂದು ನಿದರ್ಶನ. ನಾಯಿಗಳಿಲ್ಲದೆ ಹಿಮದ ಮೇಲೆ ಬೇಟೆಗೆ ಹೋಗುವಂತಿರಲಿಲ್ಲ. ಆ ಬೇಟೆಗಾರರು ಸರ್ಕಾರದ ನೆರವಿಗೆ ಕೈಯೊಡ್ಡುವವರಾದರು. ಕ್ವಿಬೆಕ್ ಸರ್ಕಾರ 2011ರಲ್ಲಿ, ಕೇಂದ್ರ ಸರ್ಕಾರ 2024ರಲ್ಲಿ ಇದಕ್ಕೆ ವಿಷಾದ ಸೂಚಿಸಿದವು.

ಕಾಯುವವರ ಕೈಯಲ್ಲಿ

ಮೂಲನಿವಾಸಿ ಗಂಡಸರ ಮೇಲಿನ ಹಿಂಸೆಯಲ್ಲಿ ಪ್ರತ್ಯೇಕವಾಗಿ ನೋಡಬೇಕಾದ ಭಾಗ ಪೊಲೀಸರ ಕೈಯಿಂದ ಆದದ್ದು. ಸಸ್ಕಾಚೆವನ್ ಪ್ರಾಂತ್ಯದ ಸಸ್ಕಟೂನ್ ನಗರದಲ್ಲಿ ಇದಕ್ಕೊಂದು ಹೆಸರೇ ಹುಟ್ಟಿಕೊಂಡಿತು: ಸ್ಟಾರ್‌ಲೈಟ್ ಟೂರ್, ನಕ್ಷತ್ರ ಬೆಳಕಿನ ಪ್ರವಾಸ. ಕುಡಿದಿದ್ದಾನೆ ಅಥವಾ ಗಲಾಟೆ ಮಾಡುತ್ತಿದ್ದಾನೆ ಎಂದು ಮೂಲನಿವಾಸಿ ಗಂಡಸನ್ನು ಪೊಲೀಸ್ ಕಾರಿಗೆ ಹತ್ತಿಸುವುದು, ಕೊರೆಯುವ ಚಳಿಯ ರಾತ್ರಿಯಲ್ಲಿ ಊರಾಚೆ ಇಳಿಸಿ ನಡೆದು ಬಾ ಎಂದು ಬಿಟ್ಟುಹೋಗುವುದು ಇದರ ರೀತಿ.

17 ವರ್ಷದ ನೀಲ್ ಸ್ಟೋನ್‌ಚೈಲ್ಡ್‌ನ ಶವ 1990ರ ನವೆಂಬರ್ 29ರಂದು ನಗರದಂಚಿನ ಕೈಗಾರಿಕಾ ಪ್ರದೇಶದಲ್ಲಿ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಸಿಕ್ಕಿತು. ಅವನು ಕಾಣೆಯಾದ ರಾತ್ರಿಯ ತಾಪಮಾನ ಶೂನ್ಯಕ್ಕಿಂತ ಸುಮಾರು 28 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಪೊಲೀಸ್ ಕಾರಿನ ಹಿಂಬದಿಯಲ್ಲಿ ಮುಖಕ್ಕೆ ಗಾಯವಾಗಿದ್ದ ಅವನನ್ನು ನೋಡಿದ್ದಾಗಿ ಗೆಳೆಯನೊಬ್ಬ ಹೇಳಿದರೂ ಪೊಲೀಸರು ಕೆಲವೇ ದಿನಗಳಲ್ಲಿ ಕಡತ ಮುಚ್ಚಿದರು. ಹತ್ತು ವರ್ಷಗಳ ನಂತರ, 2000ದ ಜನವರಿ ಮತ್ತು ಫೆಬ್ರವರಿಯಲ್ಲಿ, ಅದೇ ನಗರದ ಹೊರವಲಯದಲ್ಲಿ ಇಬ್ಬರು ಮೂಲನಿವಾಸಿ ಗಂಡಸರ ಹೆಪ್ಪುಗಟ್ಟಿದ ಶವಗಳು ಸಿಕ್ಕವು. ಅದೇ ಜನವರಿಯಲ್ಲಿ ಡ್ಯಾರೆಲ್ ನೈಟ್ ಎಂಬವರನ್ನೂ ಪೊಲೀಸರು ಹೀಗೆಯೇ ಊರಾಚೆ ಇಳಿಸಿಹೋಗಿದ್ದರು. ಹತ್ತಿರದ ವಿದ್ಯುತ್ ಸ್ಥಾವರದ ಬಾಗಿಲು ತಟ್ಟಿದ್ದರಿಂದ ಅವರ ಜೀವ ಉಳಿಯಿತು. ಅವರು ಬಾಯಿಬಿಟ್ಟ ಮೇಲೆಯೇ ಹಳೆಯ ಕಡತಗಳು ತೆರೆದದ್ದು.

ನೈಟ್ ಪ್ರಕರಣದಲ್ಲಿ ಇಬ್ಬರು ಪೊಲೀಸರಿಗೆ ಅಕ್ರಮ ಬಂಧನದ ಅಪರಾಧಕ್ಕೆ 2001ರಲ್ಲಿ 8 ತಿಂಗಳ ಶಿಕ್ಷೆಯಾಯಿತು. ಸ್ಟೋನ್‌ಚೈಲ್ಡ್ ಸಾವಿನ ಬಗ್ಗೆ ನ್ಯಾಯಮೂರ್ತಿ ಡೇವಿಡ್ ರೈಟ್ 2004ರಲ್ಲಿ ವರದಿ ಕೊಟ್ಟರು. ಆ ರಾತ್ರಿ ಹುಡುಗ ಇಬ್ಬರು ಪೊಲೀಸರ ವಶದಲ್ಲಿದ್ದ, ಮೊದಲ ತನಿಖೆ ತೀರಾ ಮೇಲುಮೇಲಿನದಾಗಿತ್ತು ಎಂಬುದು ಅದರ ತೀರ್ಮಾನ. ಆ ಇಬ್ಬರು ಕೆಲಸ ಕಳೆದುಕೊಂಡರು. ಸಾವಿಗೆ ಸಂಬಂಧಿಸಿದ ಮೊಕದ್ದಮೆ ಯಾರ ಮೇಲೂ ದಾಖಲಾಗಲಿಲ್ಲ.

ಭೂಮಿಯ ಹೋರಾಟದಲ್ಲೂ ಗುಂಡು ಹಾರಿದೆ. ಒಂಟಾರಿಯೊದ ಇಪರ್‌ವಾಶ್ ಉದ್ಯಾನದಲ್ಲಿ ತಮ್ಮ ಪೂರ್ವಿಕರ ನೆಲಕ್ಕಾಗಿ ಧರಣಿ ಕೂತಿದ್ದವರಲ್ಲಿ ಒಬ್ಬರಾದ ಡಡ್ಲಿ ಜಾರ್ಜ್ 1995ರ ಸೆಪ್ಟೆಂಬರ್ 6ರಂದು ಪೊಲೀಸರ ಗುಂಡಿಗೆ ಬಲಿಯಾದರು. ಅವರ ಬಳಿ ಆಯುಧವಿರಲಿಲ್ಲ. ಗುಂಡು ಹಾರಿಸಿದ ಅಧಿಕಾರಿ 1997ರಲ್ಲಿ ತಪ್ಪಿತಸ್ಥನೆಂದು ಸಾಬೀತಾದರೂ ಜೈಲಿಗೆ ಹೋಗಲಿಲ್ಲ. ವಿಚಾರಣಾ ಆಯೋಗದ ವರದಿ ಬರುವ ಹೊತ್ತಿಗೆ 2007 ಆಗಿತ್ತು.

ಕಟಕಟೆಯ ಎರಡೂ ಬದಿಯಲ್ಲಿ

ನ್ಯಾಯಾಲಯದಲ್ಲಿ ಮೂಲನಿವಾಸಿ ಗಂಡಸು ಆರೋಪಿಯಾದಾಗ ಆರೋಪವನ್ನು ಸುಲಭವಾಗಿ ನಂಬುವ ವ್ಯವಸ್ಥೆ, ಅವನೇ ಕೊಲೆಯಾದಾಗ ಅವನ ಪರದ ಮಾತನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಮಿಗ್‌ಮಾ ಜನಾಂಗದ ಡೊನಾಲ್ಡ್ ಮಾರ್ಷಲ್ ಜೂನಿಯರ್ 17ನೇ ವಯಸ್ಸಿನಲ್ಲಿ, 1971ರಲ್ಲಿ, ತಾನು ಮಾಡದ ಕೊಲೆಗೆ ಜೀವಾವಧಿ ಶಿಕ್ಷೆಗೊಳಗಾದರು. 11 ವರ್ಷ ಜೈಲಿನಲ್ಲಿ ಕಳೆದ ಮೇಲೆ 1983ರಲ್ಲಿ ನಿರ್ದೋಷಿ ಎಂದು ಘೋಷಿತರಾದರು. ಅವರು ಮೂಲನಿವಾಸಿ ಎಂಬುದೂ ಈ ಅನ್ಯಾಯಕ್ಕೆ ಕಾರಣ ಎಂದು ನೋವಾ ಸ್ಕೋಷಿಯಾದ ರಾಯಲ್ ಆಯೋಗ ಸ್ಪಷ್ಟವಾಗಿ ಹೇಳಿತು.

ಇನ್ನೊಂದು ಬದಿಯ ಪ್ರಕರಣ ಕೋಲ್ಟನ್ ಬೌಶಿಯದು. ರೆಡ್ ಫೆಸೆಂಟ್ ಫಸ್ಟ್ ನೇಷನ್‌ನ ಈ 22 ವರ್ಷದ ಕ್ರೀ ಯುವಕ 2016ರ ಆಗಸ್ಟ್ 9ರಂದು ಸಸ್ಕಾಚೆವನ್‌ನ ಹೊಲಮನೆಯೊಂದರ ಅಂಗಳದಲ್ಲಿ ತಲೆಗೆ ಗುಂಡು ತಗುಲಿ ಸತ್ತ. ಗೆಳೆಯರ ಜೊತೆ ಅವನಿದ್ದ ಕಾರು ಅಲ್ಲಿಗೆ ಬಂದಿತ್ತು. ತನ್ನ ಕೈಯಲ್ಲಿದ್ದ ಪಿಸ್ತೂಲು ತಾನಾಗಿ ತಡವಾಗಿ ಸಿಡಿಯಿತು ಎಂದು ಆ ಹೊಲಮನೆಯ ರೈತ ವಾದಿಸಿದ. 2018ರ ಫೆಬ್ರವರಿ 9ರಂದು ತೀರ್ಪುಮಂಡಳಿ ಅವನನ್ನು ಬಿಡುಗಡೆ ಮಾಡಿತು. ಕಾರಣ ಕೊಡದೆಯೇ ಸದಸ್ಯರನ್ನು ನಿರಾಕರಿಸುವ ಹಕ್ಕನ್ನು ಬಳಸಿ, ಮೂಲನಿವಾಸಿಗಳಂತೆ ಕಂಡವರನ್ನು ಪ್ರತಿವಾದಿ ವಕೀಲರು ಮಂಡಳಿಯಿಂದ ದೂರವಿಟ್ಟಿದ್ದು ದೇಶವ್ಯಾಪಿ ಪ್ರತಿಭಟನೆಗೆ ಕಾರಣವಾಯಿತು. 2019ರಲ್ಲಿ ಸಂಸತ್ತು ಆ ಹಕ್ಕನ್ನೇ ರದ್ದು ಮಾಡಿತು. ಮಗನ ಸಾವಿನ ಸುದ್ದಿ ತಿಳಿಸಲು ಹೋದ ಪೊಲೀಸರು ಮನೆಯನ್ನು ಸುತ್ತುವರಿದು, ತಾಯಿಯೊಂದಿಗೆ ತಾರತಮ್ಯದಿಂದ ನಡೆದುಕೊಂಡರು ಎಂದು ಆರ್‌ಸಿಎಂಪಿ ವಿರುದ್ಧದ ದೂರುಗಳನ್ನು ಪರಿಶೀಲಿಸುವ ಆಯೋಗ 2021ರಲ್ಲಿ ತೀರ್ಮಾನಿಸಿತು.

ಇದೇ ಅನುಮಾನದ ಕಣ್ಣು ಆಸ್ಪತ್ರೆಯಲ್ಲೂ ಕೊಲ್ಲಬಲ್ಲದು. 2008ರ ಸೆಪ್ಟೆಂಬರ್‌ನಲ್ಲಿ ವಿನ್ನಿಪೆಗ್‌ನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಗಾಲಿಕುರ್ಚಿಯಲ್ಲಿ ಬಂದ 45 ವರ್ಷದ ಬ್ರಯಾನ್ ಸಿಂಕ್ಲೇರ್, ಗುಣಪಡಿಸಬಹುದಾಗಿದ್ದ ಮೂತ್ರಕೋಶದ ಸೋಂಕಿನಿಂದ 34 ಗಂಟೆಗಳ ಕಾಯುವಿಕೆಯಲ್ಲೇ ಸತ್ತರು. ಕುಡಿದು ಮಲಗಿದ್ದಾರೆ, ಇರಲು ಮನೆಯಿಲ್ಲದೆ ಬಂದಿದ್ದಾರೆ ಎಂದು ಕೆಲವು ಸಿಬ್ಬಂದಿ ಭಾವಿಸಿದ್ದರು.

ಥಂಡರ್ ಬೇಯ ವಿದ್ಯಾರ್ಥಿಗಳು

ಉತ್ತರ ಒಂಟಾರಿಯೊದ ಎಷ್ಟೋ ಮೂಲನಿವಾಸಿ ಹಳ್ಳಿಗಳಿಗೆ ವರ್ಷದ ಬಹುಕಾಲ ವಿಮಾನದಲ್ಲೇ ಹೋಗಬೇಕು. ಅವುಗಳಲ್ಲಿ ಅನೇಕ ಕಡೆ ಪ್ರೌಢಶಾಲೆಗಳಿಲ್ಲ. ಹದಿನಾಲ್ಕು, ಹದಿನೈದರ ಮಕ್ಕಳು ಓದು ಮುಂದುವರಿಸಲು ನೂರಾರು ಕಿಲೋಮೀಟರ್ ದೂರದ ಥಂಡರ್ ಬೇ ನಗರಕ್ಕೆ ಬಂದು ಬೇರೆಯವರ ಮನೆಗಳಲ್ಲಿ ಇರಬೇಕಾಗುತ್ತದೆ. 2000ದಿಂದ 2011ರ ನಡುವೆ ಹೀಗೆ ಬಂದ ಏಳು ಮಂದಿ ಸತ್ತರು. ಆರು ಮಂದಿ ಹುಡುಗರು, ಒಬ್ಬಳು ಹುಡುಗಿ. ಐವರು ಹುಡುಗರ ಶವಗಳು ನಗರದ ನದಿಗಳಲ್ಲಿ, ಸುತ್ತಲಿನ ನೀರಿನಲ್ಲಿ ಸಿಕ್ಕವು. ನೀರಿನ ಪಕ್ಕದಲ್ಲೇ ಬೆಳೆದ ಹುಡುಗರು ಒಬ್ಬರ ಹಿಂದೊಬ್ಬರು ಮುಳುಗಿ ಸತ್ತದ್ದು ಕುಟುಂಬಗಳಿಗೆ ನಂಬಲಾಗಲಿಲ್ಲ. ಕುಡಿದು ಜಾರಿ ಬಿದ್ದಿರಬೇಕೆಂಬ ತೀರ್ಮಾನಕ್ಕೆ ಪೊಲೀಸರು ಬೇಗ ಬಂದರು.

2015ರ ಅಕ್ಟೋಬರ್‌ನಲ್ಲಿ ಆರಂಭವಾದ ಮರಣ ವಿಚಾರಣೆ 2016ರ ಜೂನ್‌ನಲ್ಲಿ 145 ಶಿಫಾರಸುಗಳೊಂದಿಗೆ ಮುಗಿಯಿತು. ನಾಲ್ವರ ಸಾವು ಹೇಗಾಯಿತೆಂದು ನಿರ್ಧರಿಸಲು ಸಾಧ್ಯವಿಲ್ಲ ಎಂದು ಅದು ಹೇಳಿತು. ಪತ್ರಕರ್ತೆ ತಾನ್ಯಾ ತಲಾಗಾ 2017ರಲ್ಲಿ ಬರೆದ ‘ಸೆವೆನ್ ಫಾಲನ್ ಫೆದರ್ಸ್’ ಪುಸ್ತಕ ಈ ಮಕ್ಕಳ ಕಥೆಯನ್ನು ದೇಶದ ಮನೆಮನೆಗೆ ಮುಟ್ಟಿಸಿತು. 2018ರ ಡಿಸೆಂಬರ್‌ನಲ್ಲಿ ಒಂಟಾರಿಯೊದ ಪೊಲೀಸ್ ಪರಿಶೀಲನಾ ನಿರ್ದೇಶಕ ಗೆರ್ರಿ ಮೆಕ್‌ನೀಲಿ, ಥಂಡರ್ ಬೇ ಪೊಲೀಸ್ ಪಡೆಯಲ್ಲಿ ಸಾಂಸ್ಥಿಕ ಜನಾಂಗ ದ್ವೇಷವಿದೆ ಎಂದು ವರದಿ ಮಾಡಿದರು. ಒಂಬತ್ತು ಸಾವುಗಳ ಮರುತನಿಖೆಗೆ ಅವರು ಶಿಫಾರಸು ಮಾಡಿದರು.

ಒಳಗಿನ ಹಿಂಸೆ

ಹಿಂಸೆಯೆಲ್ಲ ಹೊರಗಿನವರದೇ ಎನ್ನುವಂತಿಲ್ಲ. ಜಗತ್ತಿನ ಬಹುತೇಕ ಸಮಾಜಗಳಂತೆ ಇಲ್ಲಿಯೂ ಕೊಲೆಗಾರ ಸಾಮಾನ್ಯವಾಗಿ ಪರಿಚಿತನೇ ಆಗಿರುತ್ತಾನೆ: ನೆಂಟ, ಗೆಳೆಯ, ಕುಡಿತದ ಜೊತೆಗಾರ, ಎದುರು ಗ್ಯಾಂಗಿನ ಸದಸ್ಯ. 2022ರ ಸೆಪ್ಟೆಂಬರ್ 4ರಂದು ಸಸ್ಕಾಚೆವನ್‌ನ ಜೇಮ್ಸ್ ಸ್ಮಿತ್ ಕ್ರೀ ನೇಷನ್ ಮತ್ತು ಪಕ್ಕದ ವೆಲ್ಡನ್ ಗ್ರಾಮದಲ್ಲಿ ಅದೇ ಸಮುದಾಯದವನೊಬ್ಬ ಚಾಕುವಿನಿಂದ ಇರಿದು 11 ಜನರನ್ನು ಕೊಂದ. 17 ಜನ ಗಾಯಗೊಂಡರು.

ಹೆಂಗಸರ ಮೇಲಿನ ಹಿಂಸೆಯ ಚರ್ಚೆಯಲ್ಲಿ ಈ ಸಂಗತಿ ಬೇರೆ ರೀತಿಯಲ್ಲಿ ಬಳಕೆಯಾಯಿತು. ಪರಿಹಾರವಾದ ಪ್ರಕರಣಗಳಲ್ಲಿ ಶೇ. 70ರಷ್ಟು ಅಪರಾಧಿಗಳು ಮೂಲನಿವಾಸಿಗಳೇ ಎಂದು 2015ರಲ್ಲಿ ಆಗಿನ ಸಚಿವ ಬರ್ನಾರ್ಡ್ ವಾಲ್ಕೋರ್ಟ್ ಹೇಳಿದರು. ಆರ್‌ಸಿಎಂಪಿ ಮುಖ್ಯಸ್ಥರು ಅದನ್ನು ದೃಢಪಡಿಸಿದರು. ಮೂಲನಿವಾಸಿ ಮುಖಂಡರಿಂದ ತೀವ್ರ ವಿರೋಧ ಬಂತು. ಕೌವೆಸೆಸ್ ಫಸ್ಟ್ ನೇಷನ್‌ನ ವಿದ್ವಾಂಸ ರಾಬರ್ಟ್ ಅಲೆಕ್ಸಾಂಡರ್ ಇನ್ನೆಸ್ ಈ ಬಗೆಯ ವಾದವನ್ನು ವಸಾಹತುಶಾಹಿ ನೆಪ ಎಂದು ವಿಶ್ಲೇಷಿಸಿದ್ದಾರೆ. ಮೂಲನಿವಾಸಿ ಗಂಡಸನ್ನು ಅಪಾಯಕಾರಿ ಎಂದು ಚಿತ್ರಿಸಿದರೆ ಸರ್ಕಾರದ ಹೊಣೆ ಕಡಿಮೆಯಾಗುತ್ತದೆ, ಅವನೇ ಹಿಂಸೆಗೆ ಬಲಿಯಾದಾಗ ಕನಿಕರಕ್ಕೆ ಅರ್ಹನಲ್ಲದವನಾಗುತ್ತಾನೆ. ಕಿಮ್ ಆಂಡರ್ಸನ್ ಮತ್ತು ಇನ್ನೆಸ್ ಸಂಪಾದಿಸಿದ 2015ರ ಗ್ರಂಥವೊಂದು ಮೂಲನಿವಾಸಿ ಗಂಡಸುತನವನ್ನೇ ಅಧ್ಯಯನದ ವಿಷಯವಾಗಿಸಿತು.

ಸೆರೆಮನೆಯ ಅಂಕಿಗಳೂ ಇದೇ ಕಥೆ ಹೇಳುತ್ತವೆ. ನ್ಯಾಯಾಧೀಶರು ಶಿಕ್ಷೆ ವಿಧಿಸುವಾಗ ಮೂಲನಿವಾಸಿ ಆರೋಪಿಯ ಬಾಳಿನ ಹಿನ್ನೆಲೆಯನ್ನು ಪರಿಗಣಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 1999ರ ಗ್ಲಾಡ್ಯೂ ತೀರ್ಪಿನಲ್ಲಿ ಹೇಳಿತು. ಆದರೂ 2020ರ ಹೊತ್ತಿಗೆ ಕೇಂದ್ರ ಕಾರಾಗೃಹಗಳ ಕೈದಿಗಳಲ್ಲಿ ಮೂಲನಿವಾಸಿಗಳ ಪಾಲು ಶೇ. 30 ದಾಟಿತ್ತು. ಅನೇಕ ಯುವಕರು ಗ್ಯಾಂಗುಗಳಿಗೆ ಸೇರುವುದು ಜೈಲಿನೊಳಗೇ. ತನ್ನ ಮೇಲೆಯೇ ತಿರುಗುವ ಹಿಂಸೆಯೂ ಕಡಿಮೆಯಿಲ್ಲ. 2011ರಿಂದ 2016ರ ಅವಧಿಯಲ್ಲಿ ಪ್ರತಿ ಲಕ್ಷ ಜನರಿಗೆ ಆತ್ಮಹತ್ಯೆಯ ಪ್ರಮಾಣ ಮೂಲನಿವಾಸಿಗಳಲ್ಲದವರಲ್ಲಿ 8 ಇದ್ದರೆ, ಫಸ್ಟ್ ನೇಷನ್ಸ್ ಜನರಲ್ಲಿ 24.3, ಇನ್ಯುಟ್ ಜನರಲ್ಲಿ 72.3. ಅದರಲ್ಲೂ ಇನ್ಯುಟ್ ಯುವಕರು ಹೆಚ್ಚಿನ ಅಪಾಯದಲ್ಲಿದ್ದಾರೆ.

ಜಾಗೃತಿಯ ದಾರಿಗಳು

ಗಂಡಸರನ್ನು ಹಿಂಸೆಯಿಂದ ಹೊರತರುವ ಪ್ರಯತ್ನಗಳು ಸಮುದಾಯಗಳ ಒಳಗಿನಿಂದಲೇ ಬಂದಿವೆ. ಬ್ರಿಟಿಷ್ ಕೊಲಂಬಿಯಾದಲ್ಲಿ, ಹೆಂಗಸರು ಕಾಣೆಯಾದ ಕಾರಣಕ್ಕೆ ಕಣ್ಣೀರಿನ ಹೆದ್ದಾರಿ ಎಂದು ಹೆಸರಾದ ರಸ್ತೆಯ ಬಳಿ ಬೇಟೆಗೆ ಹೋದ ಪಾಲ್ ಲಸರ್ಟ್ ಮತ್ತು ಮಗಳು ರೇವನ್ 2011ರಲ್ಲಿ ಮೂಸ್ ಹೈಡ್ ಅಭಿಯಾನ ಆರಂಭಿಸಿದರು. ಹೆಂಗಸರು, ಮಕ್ಕಳ ಮೇಲೆ ಕೈಯೆತ್ತುವುದಿಲ್ಲ ಎಂದು ಪಣತೊಟ್ಟ ಗಂಡಸರು ಮೂಸ್ ಎಂಬ ದೊಡ್ಡ ಜಿಂಕೆಯ ಚರ್ಮದ ಪುಟ್ಟ ತುಣುಕನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ, ವರ್ಷಕ್ಕೊಂದು ದಿನ ಉಪವಾಸ ಮಾಡುತ್ತಾರೆ. ವ್ಯಾಂಕೂವರ್‌ನ ಬಡ ಬಡಾವಣೆಯಲ್ಲಿ 2010ರಲ್ಲಿ ಶುರುವಾದ ಡ್ಯೂಡ್ಸ್ ಕ್ಲಬ್ ಗಂಡಸರಿಗೆ ಊಟ, ಆರೋಗ್ಯ ಸಲಹೆ, ಹಿರಿಯರ ಜೊತೆ ಮಾತುಕತೆಗೆ ಜಾಗ ಕೊಟ್ಟಿತು. ವಿನ್ನಿಪೆಗ್‌ನಲ್ಲಿ 1992ರಲ್ಲಿ ಹುಟ್ಟಿ, ನಂತರ ನಿಂತುಹೋಗಿ, 2014ರ ಬಳಿಕ ಮತ್ತೆ ಜೀವ ಪಡೆದ ಬೇರ್ ಕ್ಲ್ಯಾನ್ ಪೆಟ್ರೋಲ್‌ನ ಸ್ವಯಂಸೇವಕರು ರಾತ್ರಿ ಬೀದಿ ಸುತ್ತಿ ಕಷ್ಟದಲ್ಲಿರುವವರಿಗೆ ನೆರವಾಗುತ್ತಾರೆ.

ನೆರೆಯ ಅಮೆರಿಕದಲ್ಲಿ ಕಾನೂನು ಲಿಂಗಭೇದವಿಲ್ಲದೆ ರೂಪುಗೊಂಡಿದೆ. 2016ರಲ್ಲಿ ಪ್ರಕಟವಾದ ಅಲ್ಲಿನ ಸರ್ಕಾರಿ ಅಧ್ಯಯನದ ಪ್ರಕಾರ ಶೇ. 84ರಷ್ಟು ಮೂಲನಿವಾಸಿ ಹೆಂಗಸರು, ಶೇ. 81ಕ್ಕೂ ಹೆಚ್ಚು ಗಂಡಸರು ಬದುಕಿನಲ್ಲಿ ಒಂದಲ್ಲ ಒಂದು ಬಗೆಯ ಹಿಂಸೆ ಅನುಭವಿಸಿದ್ದಾರೆ. 2020ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಸವಾನ್ನಾ ಕಾಯ್ದೆಗೆ ಕೊಲೆಯಾದ ತರುಣಿಯೊಬ್ಬಳ ಹೆಸರಿದ್ದರೂ, ಕಾಣೆಯಾದ ಅಥವಾ ಕೊಲೆಯಾದ ಎಲ್ಲ ಮೂಲನಿವಾಸಿಗಳ ದಾಖಲೆಯನ್ನು ಸುಧಾರಿಸುವುದು ಅದರ ಉದ್ದೇಶ.

ಕೆನಡಾದಲ್ಲಿ ಗಂಡಸರು ಮತ್ತು ಹುಡುಗರ ಸಾವುಗಳ ಬಗ್ಗೆ ಹೆಂಗಸರ ಆಯೋಗಕ್ಕೆ ಸಮನಾದ ರಾಷ್ಟ್ರೀಯ ವಿಚಾರಣೆ ನಡೆದಿಲ್ಲ. ಆದರೆ ಮಾಡಬೇಕಾದ ಕೆಲಸಗಳ ಪಟ್ಟಿ ಮ್ಯಾನಿಟೋಬಾ, ಸಸ್ಕಟೂನ್, ಇಪರ್‌ವಾಶ್, ಥಂಡರ್ ಬೇ ವರದಿಗಳಲ್ಲಿ ಆಗಲೇ ಇದೆ. ಗಂಡಸು ಕಾಣೆಯಾದ ದೂರು ಬಂದಾಗ ಕುಡಿದು ಎಲ್ಲೋ ಹೋಗಿರುತ್ತಾನೆ ಎಂದು ದಿನ ದೂಡದೆ ತನಿಖೆ ಆರಂಭಿಸುವುದು, ಪೊಲೀಸರ ವಿರುದ್ಧದ ದೂರುಗಳನ್ನು ಪೊಲೀಸರೇ ಪರಿಶೀಲಿಸದಂತೆ ನೋಡಿಕೊಳ್ಳುವುದು, ಮಕ್ಕಳಿಗೆ ಅವರ ಊರಲ್ಲೇ ಪ್ರೌಢಶಾಲೆ ಕಟ್ಟುವುದು, ಲೈಂಗಿಕ ಹಿಂಸೆಗೊಳಗಾದ ಗಂಡಸರಿಗೂ ಚಿಕಿತ್ಸೆ ಮತ್ತು ಆಸರೆ ಒದಗಿಸುವುದು ಮುಖ್ಯವಾದವು. ಇವುಗಳಲ್ಲಿ ಹೆಂಗಸರ ಸುರಕ್ಷತೆಗೆ ಅಡ್ಡಬರುವಂಥದು ಯಾವುದೂ ಇಲ್ಲ. ಹಿಂಸೆಗೆ ಬಲಿಯಾದ ಹುಡುಗನಿಗೆ ಸಕಾಲದಲ್ಲಿ ಸಿಕ್ಕ ನೆರವು, ಮುಂದೆ ಅವನ ಮನೆಯ ಹೆಂಗಸರಿಗೂ ಮಕ್ಕಳಿಗೂ ರಕ್ಷಣೆಯಾಗುತ್ತದೆ.